ಯಾರ ಮನೆಯ ವೈರು?

ಕೆಸರೆಯ ನಮ್ಮ ವೆಲ್ಡಿಂಗ್ ಶಾಪಿಗೆ ಬರುತ್ತಿದ್ದ ಒಬ್ಬ ಎಲೆಕ್ಟ್ರಿಷಿಯನ್ ವೈರುಗಳಿಗೂ ನೆಂಟಸ್ತನ ಕಟ್ಟುತ್ತಿದ್ದ. ಅಪ್ಪನ ಹಳೇ ಡೀಸೆಲ್ ವೆಲ್ಡಿಂಗ್ ಜನರೇಟರಿನ ವೈರುಗಳೆಲ್ಲ ಮಸಿ ಹಿಡಿದು ಒಂದೇ ಬಣ್ಣವಾಗಿದ್ದವು. ನಾನು ಬಿಚ್ಚಿ ಜೋಡಿಸಿದ ಮೇಲೆ ಎಂಜಿನ್ ಓಡುತ್ತಿತ್ತು, ರಾಡಿನಲ್ಲಿ ಕಿಡಿ ಮಾತ್ರ ಇಲ್ಲ. ಅಪ್ಪ ಅವನನ್ನು ಕರೆಸಿದರು.

ಅವನು ಒಂದೊಂದು ವೈರನ್ನೂ ಬೆರಳಲ್ಲಿ ಸವರುತ್ತ ತುದಿ ಮುಟ್ಟಿ, "ಇವ್ಳು ಯಾರ್ ಮನೆಯೋಳು ಅಂತ ಮೊದ್ಲು ಕೇಳ್ಬೇಕು ಕಣ್ರೀ" ಎನ್ನುತ್ತಿದ್ದ. ಅಪ್ಪ ಪ್ರತಿಸಲವೂ ನಗುತ್ತಿದ್ದರು. ಕೊನೆಗೆ ಅವನು, "ಸೊಸೇನ ಪಕ್ಕದ್ಮನೆಗೆ ಕಳ್ಸ್ಬುಟ್ಟಿದ್ದೀರಲ್ಲಾ!" ಎಂದು ನನಗೆ ಹೇಳಿ, ಎರಡು ವೈರು ಅದಲುಬದಲು ಮಾಡಿದ. ರಾಡು ತಾಗಿಸಿದರೆ ಕಿಡಿ ಹಾರಿತು.

"ಭೇಷ್ ಮಗಾ!" ಎಂದು ಅಪ್ಪ ಅವನ ಬೆನ್ನು ತಟ್ಟಿದರು. ನನ್ನನ್ನು ಅವರು ಹಾಗೆ ಕರೆದದ್ದೇ ಇಲ್ಲ. ಟಾರ್ಚ್ ಹಿಡಿದು ನಿಂತಿದ್ದ ನನಗೆ, "ಇವ್ನಿಗೆ ಟೀ ತಗೊಂಬಾರೋ" ಎಂದರು.

"ಸಕ್ಕರೆ ಬ್ಯಾಡ ಕಣ್ರೀ" ಎಂದ ಅವನು.

ಜಾಸ್ತಿ ಹಾಕಿಸಿಕೊಂಡು ಬಂದೆ.