ಮರ ಕಡಿದ ರಸ್ತೆ

ಚೌಡಾಪುರದ ಆಚೆ ರಸ್ತೆ ದಾಟಿ ತೊಗರಿ ಕೊಯ್ಯಲು ಹೋಗುವ ಹನ್ನೊಂದು ಹೆಣ್ಣಾಳುಗಳಿಗೆ ಮಲ್ಕಮ್ಮನೇ ಮುಂದಾಳು. ಇಪ್ಪತ್ತು ವರ್ಷ, ಆಕೆ "ನಡೀರಿ" ಅನ್ನದೆ ಯಾರೂ ಡಾಂಬರಿನ ಮೇಲೆ ಕಾಲಿಟ್ಟವರಲ್ಲ. ದೂರದ ಜೋಡುಬೇವಿನ ಮರ ದಾಟಿದ ಗಾಡಿ ಈಚೆಯ ಹುಣಸೆಮರಕ್ಕೆ ಬರುವವರೆಗೆ ಆಕೆ ಒಂದು, ಎರಡು ಎಂದು ಎಣಿಸುತ್ತಿದ್ದಳು. ಮೂರಕ್ಕೇ ಬಂದರೆ ನಿಲ್ಲುವುದು, ಐದಾದರೆ ದಾಟುವುದು.

"ಅಕ್ಕನ ಕಣ್ಣಾಗ ಗಡಿಯಾರ ಅದ," ಎಂದು ಸದಾ ಕೊನೆಗೆ ದಾಟುವ ನೆಗೆಣ್ಣಿ, ಮೈದುನನ ಹೆಂಡತಿ ರಮಾಬಾಯಿ ಛೇಡಿಸುತ್ತಿದ್ದಳು.

"ಇದ್ರ ನಿನ್ನಂಥ ಮೈಗಳ್ಳಿನ್ನ ಎಬ್ಬಸಾಕರ ಬರ್ತಿತ್ತು. ನಡಿಬೇ."

ಹೋದ ವರ್ಷ ರಸ್ತೆ ಅಗಲವಾಯಿತು. ಬೇವು, ಹುಣಸೆ ಎಲ್ಲಾ ಕೊಡಲಿಗೆ ಹೋದವು. ಗುಂಡಿಗಳಿದ್ದಾಗ ಗಡಗಡ ಸದ್ದು ಮಾಡುತ್ತಾ ಬರುತ್ತಿದ್ದ ಗಾಡಿಗಳು ಈಗ ಸದ್ದಿಲ್ಲದೆ ಜಾರಿ ಬರುತ್ತವೆ. ನೇರ ಎದುರಿಗೆ ಬರುವ ಗಾಡಿ ದೂರದಲ್ಲಿದ್ದಾಗ ಕಣ್ಣಿಗೆ ನಿಂತಂತೆಯೇ ಕಾಣುತ್ತದೆ. ಇಷ್ಟಿಷ್ಟೇ ದಪ್ಪವಾಗಿ, ಹತ್ತಿರ ಬಂದಾಗ ಒಮ್ಮೆಲೇ ಹಿಗ್ಗುತ್ತದೆ. ದೊಡ್ಡ ಗಾಡಿ ಸಣ್ಣದಕ್ಕಿಂತ ನಿಧಾನ ಅನ್ನಿಸುವುದು ಇನ್ನೊಂದು ಮೋಸ. ಇದು ಮಲ್ಕಮ್ಮನೊಬ್ಬಳ ಕಣ್ಣಿನ ದೋಷವಲ್ಲ, ಮನುಷ್ಯರೆಲ್ಲರ ಕಣ್ಣಿನ ಗುಣ. ಓದಿ ನಕಾಶೆ ಬರೆದವರಿಗೆ ಗೊತ್ತಿರಬೇಕಾದ ಮಾತು. ಗೊತ್ತಿದ್ದೂ ಆಳು ಮಂದಿ ದಾಟಲು ಅವರು ಒಂದು ಉಬ್ಬು ಸಹ ಹಾಕಲಿಲ್ಲ.

ಪುಷ್ಯ ಮಾಸದ ಮುಂಜಾನೆ ದೂರದಲ್ಲಿ ಬಸ್ಸೊಂದು ಕಂಡಿತು. ಎಣಿಸಲು ಮರವಿಲ್ಲ. ಮಲ್ಕಮ್ಮ ಕಣ್ಣನ್ನೇ ನಂಬಿದಳು.

"ಇನ್ನೂ ಭಾಳ ದೂರ ಅದ, ನಡೀರಿ."

ಹತ್ತು ಮಂದಿ ದಾಟಿದರು. ಬುತ್ತಿಗಂಟು ಹೊತ್ತ ರಮಾಬಾಯಿ ದಾಟಲಿಲ್ಲ. ರೊಟ್ಟಿಗಳು ಆಚೆ ಬದಿಯವರೆಗೂ ಚೆಲ್ಲಿದವು.

ವಿಚಾರಣೆಗೆ ಬಂದ ಪೊಲೀಸಿನವನು ಮಲ್ಕಮ್ಮನನ್ನು ಕೇಳಿದ: "ಅಷ್ಟು ದೊಡ್ಡ ಬಸ್ ಕಾಣ್ಸಲಿಲ್ಲೇನಬೇ?"

"ಬಸ್ ಕಾಣ್ಸಿತ್ರಿ ಸಾಹೇಬ್ರ. ಅದು ಬರೋದು ಕಾಣ್ಸಲಿಲ್ರಿ."

ಅವನು ನಕ್ಕ. ದಾಟಿದವರದೇ ಅಜಾಗರೂಕತೆ ಎಂದು ಬರೆದುಕೊಂಡ. ಮರ ಕಡಿದವರ ಹೆಸರು ಆ ಕಾಗದದಲ್ಲಿ ಎಲ್ಲಿಯೂ ಇಲ್ಲ. ಮಲ್ಕಮ್ಮನ ಹೆಸರು ಇದೆ.

ಹದಿನೈದು ದಿನಕ್ಕೆ ಮತ್ತೆ ಕೂಲಿಗೆ ಹೊರಟರು. ತಾಯಿಯ ಕುಡುಗೋಲು ಹಿಡಿದು ರಮಾಬಾಯಿಯ ಮಗಳು ಪಂಚಶೀಲಾ ಬಂದಿದ್ದಳು. ರಸ್ತೆಯ ಅಂಚಿಗೆ ಎಲ್ಲರೂ ನಿಂತರು. ಎರಡೂ ಕಡೆ ಏನೂ ಇರಲಿಲ್ಲ. ಆದರೂ ಮಲ್ಕಮ್ಮ "ನಡೀರಿ" ಅನ್ನಲಿಲ್ಲ.

"ದೊಡ್ಡವ್ವ, ರೋಡ್ ಖಾಲಿ ಅದ. ಹೊತ್ತಾಗಾಕತ್ತದ."

"ನೀನ ಹೇಳವ್ವ. ನಾ ಹೇಳಂಗಿಲ್ಲ."

ಪಂಚಶೀಲಾ ಎರಡೂ ಕಡೆ ನೋಡಿದಳು. ಇನ್ನೊಮ್ಮೆ ನೋಡಿದಳು. ಮೆಲ್ಲಗೆ "ನಡೀರಿ" ಎಂದಳು.

ಎಲ್ಲರೂ ಆಚೆ ಮುಟ್ಟಿದ ಮೇಲೆ, ಕೊನೆಯವಳಾಗಿ, ಬುತ್ತಿಗಂಟು ಹೊತ್ತು ಮಲ್ಕಮ್ಮ ದಾಟಿದಳು.