ಭೈರವಿಗೆ ಎದ್ದು ನಿಂತವರು

ಸಂಗೀತ ಕಾರ್ಯಕ್ರಮಕ್ಕೆ ಹೋದಾಗ ನಾನು ಮೊದಲು ಗಮನಿಸುವುದು ಕಲಾವಿದರನ್ನಲ್ಲ, ನನ್ನ ಚಪ್ಪಲಿ ಬಿಟ್ಟ ಜಾಗವನ್ನು. ಮೂವತ್ತೈದು ವರ್ಷ ಪತ್ರಿಕೆಗೆ ಸಂಗೀತ ವಿಮರ್ಶೆ ಬರೆದವಳು ಇದನ್ನು ಬಾಯಿಬಿಟ್ಟು ಹೇಳಬಾರದು. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನಿದೆ? ಎಡಗಡೆಯ ಗೋಡೆ, ಎರಡನೆಯ ಕಂಬ, ಪಕ್ಕದಲ್ಲಿ ಯಾರದೋ ಕೆಂಪು ಬೂಟು ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡ ಮೇಲೆಯೇ ತಂಬೂರಿಯ ಶ್ರುತಿ ನನ್ನ ಕಿವಿಗೆ ಇಳಿಯುವುದು.

ಧಾರವಾಡದಲ್ಲಿ ಇದಕ್ಕೊಂದು ಶಾಸ್ತ್ರವೇ ಇದೆ. ಇಲ್ಲಿ ಬೈಠಕ್ಕು ಮುಗಿಯುವುದು ಭೈರವಿ ರಾಗದಿಂದ. ಗಾಯಕರು ಭೈರವಿಯ ಮೊದಲ ಸ್ವರ ಹಚ್ಚಿದರೆಂದರೆ ಇನ್ನು ಮನೆಗೆ ಹೊರಡುವ ಹೊತ್ತಾಯಿತು ಎಂದೇ ಅರ್ಥ. ತಿಳಿದವರು ಕಣ್ಣು ಮುಚ್ಚಿ ತಲೆದೂಗುತ್ತಾರೆ. ಇನ್ನೂ ಹೆಚ್ಚು ತಿಳಿದವರು ತಲೆದೂಗುತ್ತಲೇ ಎದ್ದು ಬಾಗಿಲ ಕಡೆ ಸರಿಯುತ್ತಾರೆ, ಏಕೆಂದರೆ ಐದು ನಿಮಿಷ ತಡವಾದರೆ ಆ ಚಪ್ಪಲಿಗಳ ರಾಶಿಯಲ್ಲಿ ಒಂದು ಸಿಕ್ಕರೆ ಇನ್ನೊಂದು ಸಿಗುವುದಿಲ್ಲ. ನಾನು ಈ ಎರಡನೆಯ ಪಂಗಡದ ಹಿರಿಯಳು. ಬೇಗ ಹೋಗಿ ವಿಮರ್ಶೆ ಬರೆಯಬೇಕೆಂಬ ನೆವ ಬೇರೆ. ನಾನು ಎದ್ದರೆ ನನ್ನ ಹಿಂದಿನ ಸಾಲು ಏಳುತ್ತದೆ, ಅವರನ್ನು ನೋಡಿ ಉಳಿದವರು. ಹೀಗಾಗಿ ಈ ಮೂವತ್ತೈದು ವರ್ಷದಲ್ಲಿ ಎಷ್ಟು ಭೈರವಿ ಪೂರ್ತಿ ಕೇಳಿದ್ದೇನೆ ಎಂದು ದಯವಿಟ್ಟು ಕೇಳಬೇಡಿ. ಬರೆಯುವಾಗ ಮಾತ್ರ ಒಮ್ಮೆಯೂ ತಪ್ಪದೆ ‘ಭೈರವಿಯೊಂದಿಗೆ ಶ್ರೋತೃಗಳ ಮನಸೂರೆಗೊಂಡರು’ ಎಂದೇ ಬರೆದಿದ್ದೇನೆ.

ಈ ನನ್ನ ಚಪ್ಪಲಿ ಜ್ಞಾನ ಒಂದು ರಾಕ್ ತಂಡದ ದಾರಿಗೆ ಅಡ್ಡ ಬಂದ ಕಥೆಯನ್ನು ಈಗ ಹೇಳಬೇಕಾಗಿದೆ.

ತಂಡದ ಹೆಸರು ‘ಎರಿಮಣ್ಣು’. ನಾಲ್ಕು ಜನ. ಗಿಟಾರ್ ನುಡಿಸಿ ಹಾಡುವ ವಸಂತ ಬಡಿಗೇರನಿಗೆ ತಾರಿಹಾಳದಲ್ಲಿ ನಳದ ವಾಲ್ವು ತಯಾರಿಸುವ ಸಣ್ಣ ಕಾರ್ಖಾನೆ. ಡ್ರಮ್ ಬಾರಿಸುವ ರಫೀಕನದು ಹುಬ್ಬಳ್ಳಿಯಲ್ಲಿ ಗ್ಯಾರೇಜು. ಉಳಿದಿಬ್ಬರು ಕಾಲೇಜು ಮಾಸ್ತರರು. ಎಲ್ಲರೂ ಅರವತ್ತರ ಹತ್ತಿರದವರು. ಇವರು ನುಡಿಸುವುದಕ್ಕೆ ಪ್ರೊಗ್ರೆಸಿವ್ ರಾಕ್ ಎನ್ನುತ್ತಾರೆ. ಅದರಲ್ಲಿ ಹಾಡು ನಾಲ್ಕು ನಿಮಿಷಕ್ಕೆ ಮುಗಿಯುವುದಿಲ್ಲ. ನಡುವೆ ತಾಳ ಬದಲಾಗುತ್ತದೆ, ರಾಗ ಬದಲಾಗುತ್ತದೆ, ಕೆಲವೊಮ್ಮೆ ಹಾಡುತ್ತಿರುವವರ ಮುಖವೂ ಬದಲಾಗುತ್ತದೆ. ಹಾಗೆ ನೋಡಿದರೆ ಇದು ನಮ್ಮೂರಿಗೆ ಹೊಸದೇನಲ್ಲ. ಒಂದು ವಿಲಂಬಿತ ಖ್ಯಾಲು ಅರಳಲಿ ಎಂದು ಮುಕ್ಕಾಲು ತಾಸು ಮಿಸುಕಾಡದೆ ಕೂರುವ ಜನ ನಾವು. ಆದರೆ ಅದೇ ಮುಕ್ಕಾಲು ತಾಸನ್ನು ಗಿಟಾರು ಕೇಳಿದರೆ ನಮಗೆ ಇದ್ದಕ್ಕಿದ್ದಂತೆ ಮನೆಯ ಕೆಲಸಗಳೆಲ್ಲ ನೆನಪಾಗುತ್ತವೆ.

ಮೂವತ್ತು ವರ್ಷದ ಹಿಂದೆ ನನಗೂ ನೆನಪಾಗಿದ್ದವು. ಇವರ ಮೊದಲ ಕಾರ್ಯಕ್ರಮಕ್ಕೆ ಪತ್ರಿಕೆಯವರು ನನ್ನನ್ನೇ ಕಳಿಸಿದ್ದರು. ಮರುದಿನ ನಾನು ಬರೆದೆ: ‘ಎರಡನೆಯ ಹಾಡು ಆರಂಭವಾದಾಗ ಹೊರಗೆ ಹೋಗಿ ಮಿರ್ಚಿ ಭಜಿ ತಿಂದು ಬಂದೆ. ಹಾಡು ಇನ್ನೂ ಮುಗಿದಿರಲಿಲ್ಲ. ಭಜಿ ಚೆನ್ನಾಗಿತ್ತು.’ ಆ ವಯಸ್ಸಿನಲ್ಲಿ ಇಂಥ ವಾಕ್ಯ ಬರೆದವರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳುತ್ತಾರೆ, ನಾನೂ ತಟ್ಟಿಕೊಂಡೆ. ವಾಕ್ಯ ಊರೆಲ್ಲ ಓಡಾಡಿತು. ತಂಡ ವೇದಿಕೆ ಹತ್ತಿದರೆ ಹಿಂದಿನಿಂದ ಯಾರಾದರೂ ‘ಭಜಿ’ ಎಂದು ಕೂಗುವರು. ವಸಂತನ ಮದುವೆಯ ಊಟದಲ್ಲಿ ಎಲೆಗೆ ಭಜಿ ಬಿದ್ದಾಗ ಪಂಕ್ತಿಗೆ ಪಂಕ್ತಿಯೇ ನಕ್ಕಿತಂತೆ. ಆಮೇಲೆ ಅವರು ಪುಣೆ, ಬೆಳಗಾವಿ, ಬೆಂಗಳೂರು ಎಂದು ಎಲ್ಲೆಲ್ಲೋ ನುಡಿಸಿದರು. ಧಾರವಾಡದಲ್ಲಿ ಮಾತ್ರ ಮೂರನೆಯ ಹಾಡಿನ ಹೊತ್ತಿಗೆ ಸಭೆ ಅರ್ಧ ಖಾಲಿಯಾಗುತ್ತಿತ್ತು. ವಸಂತ ಎಲ್ಲಿ ಎದುರಾದರೂ ‘ನಮಸ್ಕಾರ್ರೀ ಅಕ್ಕಾರ’ ಎಂದು ಮುಂದೆ ಹೋಗುವನು. ಒಂದು ದಿನವೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ನಾನು ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಆ ನಮಸ್ಕಾರ ನನ್ನನ್ನು ಬಹಳ ವರ್ಷ ಚುಚ್ಚಿತು.

ಹೋದ ವರ್ಷ ಒಂದು ಭಾನುವಾರ ಅವನೇ ಮನೆಗೆ ಬಂದ. ಕೈಯಲ್ಲಿ ಆಮಂತ್ರಣ ಪತ್ರಿಕೆ. ಹೊಸ ಆಲ್ಬಂ ಮಾಡಿದ್ದಾರೆ, ಹೆಸರು ‘ಎಂಟು ದಿನಕ್ಕೊಮ್ಮೆ’. ಎಂಟು ಹಾಡು, ದಿನಕ್ಕೊಂದು, ಎಲ್ಲ ಸೇರಿ ಒಂದೇ ಕಥೆ. ಎಂಟು ದಿನಕ್ಕೊಮ್ಮೆ ನಳಕ್ಕೆ ನೀರು ಬಿಡುವ ಒಬ್ಬ ವಾಲ್ವ್‌ಮನ್, ಅವನ ದಾರಿ ಕಾಯುವ ಒಂದು ಓಣಿ. ಮೊದಲ ದಿನ ಕೊಡಗಳೆಲ್ಲ ತುಂಬುತ್ತವೆ, ಆಮೇಲೆ ದಿನಾ ಒಂದೊಂದೇ ಖಾಲಿಯಾಗುತ್ತವೆ. ಎಂಟನೆಯ ದಿನ ನಳ ಬರಬೇಕು. ನಳ ಬಂತೇ ಎಂದು ಗೋಡೆಯಾಚೆಯಿಂದ ಕೇಳುವುದನ್ನು ಹುಟ್ಟಿದಾಗಿನಿಂದ ಕೇಳಿದ ಊರಿಗೆ ಇದಕ್ಕಿಂತ ಹತ್ತಿರದ ಕಥೆ ಯಾವುದಿದೆ?

"ಇದು ಕಡೀದ್ರೀ ಅಕ್ಕಾರ," ಎಂದ ವಸಂತ. "ರಫೀಕನ ಮೊಣಕಾಲು ಹೋಗ್ಯಾವು. ಬೆಂಗಳೂರಿನ ವಿಮರ್ಶಕರು ಇದನ್ನ ಇಂಟರ್ನೆಟ್ಟಿನ್ಯಾಗ ಕೇಳಿ, ಮುದುಕರ ಹಠ ಅಂತ ಬರದಾರ. ಬರೀಲಿ. ನಮ್ಮೂರಾಗ ಒಮ್ಮೆ, ಒಂದs ಸಲ, ಮೊದಲಿಂದ ಕಡೀತನಕ ಮಂದಿ ಕೇಳಿದ್ರ ಸಾಕು. ಆಮ್ಯಾಲೆ ನೀವು ಏನ್ ಬೇಕಾದ್ ಬರೀರಿ."

ನಾನು ಬರುತ್ತೇನೆ ಎಂದೆ. ಮೊದಲೇ ಒಮ್ಮೆ ಕೇಳಿರಿ ಎಂದು ಮೊಬೈಲಿಗೆ ಹಾಡುಗಳನ್ನೂ ಕಳಿಸಿದ. ಇಲ್ಲಿ ಇನ್ನೊಂದು ತಪ್ಪೊಪ್ಪಿಗೆ. ಮೆಂತ್ಯೆ ಸೊಪ್ಪು ಸೋಸುತ್ತ ಒಂದೂವರೆ ಹಾಡು ಕೇಳಿದೆ. ಸೊಪ್ಪು ಮುಗಿಯಿತು, ನಾನೂ ನಿಲ್ಲಿಸಿದೆ.

ಕಾರ್ಯಕ್ರಮ ಸಪ್ತಾಪುರದ ಒಂದು ಸಭಾಭವನದಲ್ಲಿ, ಸಂಜೆ ಐದಕ್ಕೆ. ಜಮಖಾನೆಯ ಮೇಲೆ ಬಾಡಿಗೆ ಕೋಣೆಗಳ ವಿದ್ಯಾರ್ಥಿಗಳು, ಮಾಸ್ತರರು, ಮಾಮೂಲಿ ಬೈಠಕ್ಕಿನ ನಮ್ಮ ಮಂದಿ. ನನ್ನ ಪಕ್ಕದಲ್ಲಿ ಕುಲಕರ್ಣಿ ಕಾಕಾ. ಅವರು ಎಂಬತ್ತು ದಾಟಿದ್ದಾರೆ, ಊರಿನಲ್ಲಿ ಯಾರು ಎಲ್ಲಿ ಏನೇ ಹಾಡಲಿ ತಮ್ಮ ಬೆತ್ತದೊಂದಿಗೆ ಹಾಜರಿರುತ್ತಾರೆ.

ಮೊದಲ ಮೂರು ಹಾಡು ಚೆನ್ನಾಗಿಯೇ ಇದ್ದವು. ನನ್ನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಯಾರೂ ಏಳಲಿಲ್ಲ. ನಾಲ್ಕನೆಯದರಲ್ಲಿ ಡ್ರಮ್ಮು ನಿಂತಿತು. ಖಾಲಿ ಕೊಡಗಳ ಮುಂದೆ ಕೂತ ಒಬ್ಬ ಅಜ್ಜಿಯ ಹಾಡು ಅದು. ವಸಂತ ಒಬ್ಬನೇ, ಗಿಟಾರಿನ ಮೇಲೆ, ಬಹಳ ನಿಧಾನವಾಗಿ ಭೈರವಿ ಹಚ್ಚಿದ. ಶುದ್ಧ ಭೈರವಿ. ನಾನು ತಲೆದೂಗಿದೆ. ತಲೆದೂಗುತ್ತ, ನಿಮ್ಮಾಣೆಗೂ, ಯೋಚಿಸದೆ, ಪುಸ್ತಕ ಚೀಲದಲ್ಲಿ ಹಾಕಿ ಎದ್ದೆ.

ಬಾಗಿಲು ಮುಟ್ಟಿ ತಿರುಗಿ ನೋಡಿದಾಗ ಅರ್ಧ ಸಭೆ ನನ್ನ ಹಿಂದೆ ನಿಂತಿತ್ತು. ನಾವು ಎದ್ದದ್ದನ್ನು ನೋಡಿ ಉಳಿದರ್ಧವೂ ಏಳುತ್ತಿತ್ತು. ಆ ತಲೆಗಳ ಮೇಲಿಂದ ವೇದಿಕೆ ಕಂಡಿತು. ವಸಂತ ನುಡಿಸುತ್ತಲೇ ನನ್ನ ಕಡೆ ನೋಡುತ್ತಿದ್ದ. ಎಂಟರಲ್ಲಿ ಇನ್ನೂ ನಾಲ್ಕು ಹಾಡು ಬಾಕಿ ಇವೆ ಎಂಬುದು ನನಗೆ ಆಗ ಹೊಳೆಯಿತು. ಒಂದು ಕಾಲು ಚಪ್ಪಲಿಯೊಳಗೆ ಹೋಗಿಯಾಗಿತ್ತು. ನನ್ನ ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿಲ್ಲ. ಮೂವತ್ತು ವರ್ಷದ ಹಿಂದೆ ಅವನಿಗೆ ಮಾಡಿದ್ದನ್ನು ಈಗ ಇಡೀ ಊರನ್ನು ಬೆನ್ನಿಗೆ ಕಟ್ಟಿಕೊಂಡು ಮತ್ತೆ ಮಾಡುತ್ತಿದ್ದೆ.

ಅಷ್ಟರಲ್ಲಿ ರಫೀಕ ಐದನೆಯ ಹಾಡು ಶುರು ಮಾಡಿದ. ನನ್ನ ಬೆನ್ನಿಗೇ ಎದ್ದು ಬಂದಿದ್ದ ಕುಲಕರ್ಣಿ ಕಾಕಾ ನಾನು ತಿರುಗಿದ ಹೊತ್ತಿಗೆ ಮುಂದಾಗಿ ಬಾಗಿಲಿಗೆ ಅಡ್ಡ ನಿಂತಿದ್ದರು. ಬೆತ್ತ ಕಂಕುಳಲ್ಲಿ, ಎರಡೂ ಕೈಯ ಬೆರಳುಗಳು ಎಣಿಸುತ್ತಿವೆ.

"ಕಾಕಾ, ಒಳಗ ಹೋಗೂಣ್ರಿ, ಇನ್ನೂ ಮುಗದಿಲ್ಲ," ಎಂದೆ.

"ತಡೀವಾ. ಹನ್ನೊಂದು ಮಾತ್ರಾ ಅದ ಇದು. ಸಮ್ ಎಲ್ಲಿ ಬೀಳ್ತದ ನೋಡ್ತೇನಿ. ಸಮ್ ಸಿಗೂತನಕಾ ನನ್ನನ್ನ ಯಾರೂ ಅಲಗಾಡಸಬ್ಯಾಡ್ರಿ."

ಧಾರವಾಡದ ಹಳೆಯ ಕೇಳುಗನಿಗೆ ತಾಳದ ಆವರ್ತನೆ ತಿರುಗಿ ಬಂದು ಬೀಳುವ ಆ ಮೊದಲ ಪೆಟ್ಟು, ಆ ಸಮ್ಮು ಸಿಗದೆ ಜಾಗ ಬಿಡುವುದೆಂದರೆ ಊಟದ ನಡುವೆ ಎದ್ದಂತೆ. ಕಾಕಾ ಎಣಿಸುವುದನ್ನು ನೋಡಿ ಹಿಂದಿನವರೂ ಎಣಿಸತೊಡಗಿದರು. ಮೂರನೆಯ ಸುತ್ತಿಗೆ ಕಾಕಾ ಸರಿಯಾಗಿ ಕೈ ಇಳಿಸಿ ‘ವ್ಹಾ’ ಎಂದರು. ಅವರೊಂದಿಗೆ ಹತ್ತಿಪ್ಪತ್ತು ಕೈ ಇಳಿದವು. ಆಮೇಲೆ ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಬಾಗಿಲು ತೆರೆದೇ ಇತ್ತು. ಯಾರೂ ಹೊರಗೆ ಹೋಗಲಿಲ್ಲ. ಎದ್ದು ನಿಂತವರ ನಡುವೆ ಒಳಗೆ ಹೋಗಿ ಕೂರಲು ಸಂದಿಯೂ ಇರಲಿಲ್ಲ. ಇದ್ದಲ್ಲೇ ನಿಂತೆವು.

ಐದು, ಆರು, ಏಳು. ಓಣಿಯಲ್ಲಿ ಜಗಳವಾಯಿತು, ವಾಲ್ವು ಜಾಮಾಯಿತು, ವಾಲ್ವ್‌ಮನ್ನನ ಮನೆಯಲ್ಲೂ ನೀರಿಲ್ಲ ಎಂದು ತಿಳಿಯಿತು. ಅವನಿಗೆ ಬೈದ ಹೆಂಗಸೇ ಅವನಿಗೊಂದು ತಂಬಿಗೆ ನೀರು ಕೊಟ್ಟಳು. ನನ್ನ ಪಕ್ಕ ನಿಂತಿದ್ದ ಹೆಣ್ಣುಮಗಳೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಂಟನೆಯ ಹಾಡು ಶುರುವಾದದ್ದು ಮಾತಿನಿಂದಲ್ಲ, ಸ್ವರದಿಂದಲೂ ಅಲ್ಲ. ಖಾಲಿ ನಳ ಮೊದಲು ಗಾಳಿ ಬಿಡುತ್ತದಲ್ಲ, ಆ ಬುಸುಗುಟ್ಟುವಿಕೆ, ಆ ಕೆಮ್ಮು. ರಫೀಕ ಅದನ್ನು ತನ್ನ ಡ್ರಮ್ಮಿನ ಕಂಚಿನ ತಟ್ಟೆಗಳ ಮೇಲೆ ಬ್ರಷ್ಷಿನಿಂದ ಎಬ್ಬಿಸಿದ. ಸಭೆಯ ಹೆಂಗಸರೆಲ್ಲ ಒಮ್ಮೆಗೇ ಗುರುತು ಹಿಡಿದು ನಕ್ಕರು, ಕೆಲವರ ಕೈ ತಾನಾಗಿಯೇ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿತು. ಆಮೇಲೆ ನಾಲ್ಕೂ ವಾದ್ಯ ಒಟ್ಟಿಗೆ ಧೋ ಎಂದು ಸುರಿದವು. ಮುಗಿದಾಗ ಚಪ್ಪಾಳೆಯ ಸದ್ದಿಗೆ ಕುಲಕರ್ಣಿ ಕಾಕಾ ತಮ್ಮ ಕಿವಿಯ ಯಂತ್ರ ತೆಗೆದು ಜೇಬಿನಲ್ಲಿಟ್ಟುಕೊಂಡು, ಎರಡೂ ಕೈಯಿಂದ ಚಪ್ಪಾಳೆ ಹೊಡೆದರು. ರಫೀಕ ಮೊಣಕಾಲು ಹಿಡಿದುಕೊಂಡು ಏಳಲಾಗದೆ ಕೂತಲ್ಲೇ ಅತ್ತ. ನಾನೂ ಅತ್ತೆ, ಯಾಕೆ ಸುಳ್ಳು ಹೇಳಲಿ.

ಮರುದಿನ ಬಹಳ ಮನಸ್ಸಿಟ್ಟು ವಿಮರ್ಶೆ ಬರೆದೆ. ಒಂದೊಂದು ಹಾಡನ್ನೂ ಹೊಗಳಿದೆ, ಆರನೆಯದು ಸ್ವಲ್ಪ ಹಿಗ್ಗಿದೆ ಎಂದೂ ಹೇಳಿದೆ. ಸಭೆ ಎದ್ದದ್ದರ ಬಗ್ಗೆ ಮಾತ್ರ ‘ಶ್ರೋತೃಗಳು ನಿಂತು ಕೇಳಿದರು’ ಎಂದು ಬರೆದು ಸುಮ್ಮನಾದೆ. ಸುಳ್ಳಂತೂ ಅಲ್ಲ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಪುಣೆಯಿಂದ ಒಬ್ಬಳು ತರುಣ ವಿಮರ್ಶಕಿ ಬಂದಿದ್ದಳಂತೆ. ಅವಳು ತನ್ನ ಜಾಲತಾಣದಲ್ಲಿ, ನಾಲ್ಕನೆಯ ಹಾಡಿಗೆ ಧಾರವಾಡದ ರಸಿಕರು ಒಬ್ಬೊಬ್ಬರಾಗಿ ಎದ್ದು ನಿಂತರು, ಕೊನೆಯವರೆಗೂ ಕೂರಲಿಲ್ಲ, ಇಂಥ ಗೌರವವನ್ನು ತಾನು ಎಲ್ಲಿಯೂ ಕಂಡಿಲ್ಲ ಎಂದು ಬರೆದಳು. ಮುದುಕರ ಹಠ ಎಂದಿದ್ದ ಬೆಂಗಳೂರಿನವರು ಮತ್ತೊಮ್ಮೆ ಕೇಳಿ, ಅದೇ ಹಠವನ್ನು ಈ ಸಲ ಸಾಧನೆ ಎಂದರು. ಕಡೆಯದೆಂದಿದ್ದ ಕಾರ್ಯಕ್ರಮದ ಹಿಂದೆಯೇ ಇನ್ನೂ ನಾಲ್ಕು ಊರಿನ ಕರೆ ಬಂತು. ರಫೀಕ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಹೊರಟ. ಈಗ ಎಲ್ಲಿ ಹೋದರೂ ಭೈರವಿ ಬಂದ ಕೂಡಲೇ ಸಭೆ ಗಂಭೀರವಾಗಿ ಎದ್ದು ನಿಲ್ಲುತ್ತದಂತೆ. ಧಾರವಾಡದ ಪದ್ಧತಿ ಎಂದೇ ಹೇಳುತ್ತಾರಂತೆ. ಪದ್ಧತಿ ಹೌದು, ಆದರೆ ಯಾವುದಕ್ಕೆ ಎಂದು ನನಗೆ ಗೊತ್ತು.

ಈ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾಗದೆ ಒಂದು ಬೆಳಿಗ್ಗೆ ತಾರಿಹಾಳಕ್ಕೆ ಹೋದೆ. ವಸಂತ ಲೇತ್ ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು, ಸ್ಟೂಲು ಹಾಕಿ ಚಹಾ ತರಿಸಿದ. ನಾನು ಚಹಾ ಮುಟ್ಟದೆ ಹೇಳಿಬಿಟ್ಟೆ.

"ವಸಂತಾ, ಅವತ್ತು ನಾವು ಯಾರೂ ಗೌರವಕ್ಕ ಎದ್ದಿದ್ದಿಲ್ಲ. ನಾ ಮನೀಗೆ ಹೊಂಟಿದ್ದೆ. ನನ್ನ ನೋಡಿ ಮಂದಿ ಎದ್ರು."

ಅವನು ನಕ್ಕ. "ನಾನೂ ಇದs ಊರಾಂವ ಅಲ್ಲೇನ್ರೀ ಅಕ್ಕಾರ? ಭೈರವಿ ಬಂದ್ರ ನಮ್ಮ ಮಂದಿ ಏಳತಾರ ಅಂತ ಗೊತ್ತಿದ್ದs ಅಲ್ಲೆ ಹಾಕೇನಿ. ನಾಕನೇ ದಿನಕ್ಕ ಎಲ್ಲಾ ಮುಗೀತು ಅನಸಬೇಕಿತ್ತು. ರಫೀಕ ಬ್ಯಾಡಂದ, ಮಂದಿ ಖರೇನ ಎದ್ದು ಹೊಕ್ಕಾರೋ ಅಂದ."

"ಹೋಗಿಬಿಟ್ಟಿದ್ರ?"

"ಹೋಗಿದ್ರ ನಾ ಸೋತೆ ಅಂತ ಆಗತಿತ್ತು." ಅವನು ಮೇಜಿನ ಮೇಲಿದ್ದ ಎಣ್ಣೆ ಹಚ್ಚಿದ ವಾಲ್ವೊಂದನ್ನು ಎತ್ತಿ ತಿರುವಿ ನೋಡಿ ಕೆಳಗಿಟ್ಟ. "ಯಾಕ ಎದ್ರಿ ಅನ್ನೂದು ನನಗ ಗೊತ್ತೈತಿ. ಯಾಕ ಹೋಗಲಿಲ್ಲ, ಅದನ್ನ ಹೇಳ್ರಿ."

ಮೂವತ್ತೈದು ವರ್ಷ ಕೂಡಿಟ್ಟ ಪದಗಳನ್ನೆಲ್ಲ ಹುಡುಕಿದೆ. ಮಾಧುರ್ಯ, ಗಾಂಭೀರ್ಯ, ಲಯದ ಮೇಲಿನ ಹಿಡಿತ. ಯಾವುದೂ ನಾಲಿಗೆಗೆ ಬರಲಿಲ್ಲ. ಬಂದದ್ದು ಇಷ್ಟೇ.

"ನಳಾ ಬರ್ತದೋ ಇಲ್ಲೋ ನೋಡಬೇಕಿತ್ತಪ್ಪಾ. ಅದನ್ನ ಬಿಟ್ಟು ಹೆಂಗ ಹೋಗ್ಲಿ?"

ವಸಂತ ನನ್ನನ್ನೇ ನೋಡಿದ. ಆಮೇಲೆ ಎಣ್ಣೆಗೈಯಲ್ಲೇ ಮೊಬೈಲು ತೆಗೆದು ರಫೀಕನಿಗೆ ಫೋನ್ ಹಚ್ಚಿ, ಸ್ಪೀಕರ್ ಮಾಡಿ, ನಮ್ಮಿಬ್ಬರ ನಡುವೆ ಮೇಜಿನ ಮೇಲಿಟ್ಟ.

"ಅಕ್ಕಾರ," ಎಂದ, "ಈಗ ಅಂದ್ರಲ್ಲಾ, ಅದನ್ನ ಇನ್ನೊಮ್ಮೆ ಹೇಳ್ರಿ."

ಬರೆದ ವಿಮರ್ಶೆಗಳನ್ನು ಕಲಾವಿದರು ಕತ್ತರಿಸಿ ಇಟ್ಟುಕೊಂಡದ್ದಿದೆ, ಹರಿದು ಹಾಕಿದ್ದೂ ಇದೆ. ಇನ್ನೊಮ್ಮೆ ಹೇಳಿ ಎಂದು ಈವರೆಗೆ ಯಾರೂ ಕೇಳಿರಲಿಲ್ಲ. ನಾನು ಮೊಬೈಲಿನ ಹತ್ತಿರ ಬಾಗಿ, ಮೊದಲಿಗಿಂತ ಸ್ವಲ್ಪ ಜೋರಾಗಿಯೇ ಹೇಳಿದೆ.