ಹುಳದ ಮನೆಗೆ ಬಿಸಿಲಿನ ದೀಪ

ಈ ಪ್ರಯಾಣದ ಬಗ್ಗೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ವರ್ಷ ಎಂಬತ್ತೈದೋ ಎಂಬತ್ತಾರೋ. ಬನಶಂಕರಿ ದಾಟಿದೊಡನೆ ಬರೀ ಹೊಲಗಳಿದ್ದವು ಎನ್ನುತ್ತೇನೆ ನಾನು. ಆಗಲೇ ಸೈಟಿನ ಕಲ್ಲು ನೆಟ್ಟಿದ್ದರು ಎನ್ನುತ್ತಾಳೆ ಹೆಂಡತಿ. ರಸ್ತೆಯ ಮೇಲೆ ಬೀಳುತ್ತಿದ್ದ ಹುಣಸೆಮರಗಳ ನೆರಳನ್ನು ಮಾತ್ರ ಇಬ್ಬರೂ ಒಪ್ಪುತ್ತೇವೆ.

ಜಯನಗರದ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಕೂತು, ಕರೆಂಟಿಲ್ಲದ ತೋಟಗಳಿಗೆಂದು ಸೋಲಾರ್ ದೀಪ ರೂಪಿಸಿದ್ದೆ. ಮೊದಲನೆಯದು ಕನಕಪುರದಾಚೆ ರೇಷ್ಮೆಹುಳು ಸಾಕುತ್ತಿದ್ದ ಗೌರಮ್ಮನವರಿಗೆ. ಸೀಮೆಎಣ್ಣೆ ದೀಪದ ಹೊಗೆಗೆ ಅವರ ಹಿಂದಿನ ಬೆಳೆಯ ಹುಳುಗಳೆಲ್ಲ ಸತ್ತಿದ್ದವು. ಇದೊಂದು ಬೆಳೆಯೂ ಹೋದರೆ ಸಾಕಣೆಯನ್ನೇ ಬಿಡುವುದಾಗಿ ಹೇಳಿಕಳಿಸಿದ್ದರು.

ಬೆಳಿಗ್ಗೆ ಬನಶಂಕರಿಯಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರ್ ನನ್ನ ಸೋಲಾರ್ ಫಲಕವನ್ನು ಬೆರಳಿಂದ ತಟ್ಟಿದ.

"ಇದೇನ್ ಸಾರ್, ಕನ್ನಡಿನಾ?"

"ಬಿಸಿಲಿಂದ ಕರೆಂಟ್ ಮಾಡುತ್ತೆ."

"ಬಿಸಿಲು ಫ್ರೀ ಬಿಡ್ತೀನಿ ಗುರುಗಳೇ, ಇದಕ್ಕೆ ಲಗೇಜ್ ಕೊಡಿ."

ಕನಕಪುರಕ್ಕೆ ಎರಡು ಗಂಟೆ ಹಿಡಿಯಿತು. ಅಲ್ಲಿಂದ ಬ್ಯಾಟರಿಯೊಡನೆ ಎತ್ತಿನ ಗಾಡಿ. ಮಧ್ಯಾಹ್ನ ಗೌರಮ್ಮನವರ ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು ಉಂಡು ಹುಳದ ಮನೆಯ ಚಾವಣಿ ಮೇಲೆ ಫಲಕ ಕೂರಿಸಿದೆ. ಕೊನೆಗೆ ನನ್ನ ಹೆಮ್ಮೆಯ ಟೈಮರ್ ಪೆಟ್ಟಿಗೆಯನ್ನು ಜೋಡಿಸಿದೆ: ಅದರಿಂದ ದೀಪ ಸಂಜೆ ಆರಕ್ಕೆ ತಾನೇ ಹೊತ್ತಿ, ಹತ್ತಕ್ಕೆ ತಾನೇ ಆರುತ್ತಿತ್ತು.

ಗೌರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಹತ್ತಕ್ಕೆ ನೀವು ಮಲಗ್ತೀರ ಸಾರ್. ಹಸಿದ ಹುಳ ಮಲಗ್ತದಾ? ನಡುರಾತ್ರಿ ಒಂದ್ಸಲ, ಕೋಳಿ ಕೂಗೋ ಹೊತ್ತಿಗೆ ಒಂದ್ಸಲ ಸೊಪ್ಪು ಹಾಕ್ಬೇಕು."

ಜಯನಗರದ ಸಂಸಾರವೊಂದರ ಸಂಜೆಯನ್ನು ಲೆಕ್ಕ ಹಾಕಿ ತಂದಿದ್ದೆನೆಂದು ಆಗ ಹೊಳೆಯಿತು.

"ರಾತ್ರಿಯೆಲ್ಲಾ ಉರಿದ್ರೆ ಬ್ಯಾಟರಿ ತಡೆಯಲ್ಲಮ್ಮ."

"ರಾತ್ರಿಯೆಲ್ಲಾ ಯಾಕೆ? ಸೊಪ್ಪು ಹಾಕೋಕೆ ನಂಗೆ ಬೆಳಕು ಬೇಕು. ತಿನ್ನೋಕೆ ಹುಳಕ್ಕೆ ಯಾಕೆ? ಪರೀಕ್ಷೆಗೆ ಓದ್ತಾವಾ?"

"ಸುಮ್ನಿರೇ, ಸಾರ್ ಅವಕ್ಕೂ ಟ್ಯೂಷನ್ ಇಟ್ಟಾರು," ಎಂದರು ಬಾಗಿಲಲ್ಲಿ ಕೂತಿದ್ದ ಅವರ ಗಂಡ.

ಗೌರಮ್ಮನವರ ಲೆಕ್ಕ ಸರಿಯಿತ್ತು. ಸೊಪ್ಪು ಹಾಕುವಾಗಷ್ಟೇ ಉರಿಸಿದರೆ ನಾಲ್ಕು ಗಂಟೆಯ ಬೆಳಕು ಧಾರಾಳ. ಆದರೆ ಪೆಟ್ಟಿಗೆ ತೆಗೆಯಬೇಕು. ಒಂದು ರಾತ್ರಿ ಆರಿಸುವುದು ಮರೆತರೂ ಬ್ಯಾಟರಿ ಬರಿದಾಗಿ ಮತ್ತೆ ಸೀಮೆಎಣ್ಣೆ, ಮತ್ತೆ ಹೊಗೆ. ನಾನು ಅನುಮಾನಿಸಿದ್ದನ್ನು ಕಂಡು ಗೌರಮ್ಮ ಎಂದರು: "ಒಲೆ ಆರಿಸೋದು ಮರೆತಿದ್ರೆ ಈ ಮನೆ ಇರ್ತಿತ್ತಾ ಸಾರ್?"

ಪೆಟ್ಟಿಗೆ ಬಿಚ್ಚಿ ಸಾದಾ ಸ್ವಿಚ್ಚು ಹಾಕಿದೆ. ಹೊತ್ತು ಮುಳುಗುವ ಮೊದಲೇ ಹಿಂತಿರುಗುವ ಬಸ್ಸು ಸಿಕ್ಕಿತು. ಹುಣಸೆಮರಗಳ ನಡುವೆ ಬಿಸಿಲು ಕೆಂಪಾಗುತ್ತಿತ್ತು. ನಾನು ಮಾತ್ರ ದಾರಿಯುದ್ದಕ್ಕೂ ಆ ಸ್ವಿಚ್ಚಿನ ಬಗ್ಗೆಯೇ ಹೆದರುತ್ತ ಬಂದೆ. ಅಂಥ ಖಾಲಿ ರಸ್ತೆ, ಕಿಟಕಿಯ ಅಂಥ ಗಾಳಿ ಮತ್ತೆ ಸಿಗಲಿಲ್ಲ.

ಮುಂದಿನ ತಿಂಗಳು ಮತ್ತೆ ಹೋಗಿ, ಗೌರಮ್ಮನವರನ್ನು ಕೇಳುವ ಮೊದಲು ಪಕ್ಕದ ತೋಟದವರನ್ನು ವಿಚಾರಿಸಿದೆ. ಅವರು ಕಂಡಂತೆ, ಹುಳುಗಳು ಗೂಡು ಕಟ್ಟುವವರೆಗೆ ಗೌರಮ್ಮನವರ ಮನೆಯಲ್ಲಿ ಒಂದು ರಾತ್ರಿಯೂ ಸೀಮೆಎಣ್ಣೆ ದೀಪ ಹಚ್ಚಿರಲಿಲ್ಲ.